ಘನ, ದ್ರವ, ಅನಿಲ: ಪಠ್ಯಪುಸ್ತಕ ಬರೆಯುವವರಿಗೊಂದು ಬಹಿರಂಗ ಪತ್ರ

ಮಾನ್ಯರೇ,

'ದ್ರವ್ಯಕ್ಕೆ ಮೂರು ಸ್ಥಿತಿಗಳಿವೆ: ಘನ, ದ್ರವ, ಅನಿಲ.' ಹೈಸ್ಕೂಲಿನಲ್ಲಿ ಈ ವಾಕ್ಯವನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತಲೇ ನನ್ನ ಸೇವೆ ಮುಗಿಯಿತು. ಈಗ ಅದೇ ವಾಕ್ಯ ತರಗತಿಯ ಎಲ್‌ಸಿಡಿ ಪರದೆಯ ಮೇಲೆ ಬಣ್ಣದ ಚಿತ್ರಗಳ ಜೊತೆ ಮೂಡುತ್ತದೆ, ಮಕ್ಕಳು ನೋಡಿಕೊಂಡು ನೋಟ್ಸ್ ಬರೆಯುತ್ತಾರೆ. ಆ ಪರದೆಯ ಎರಡು ಗಾಜುಗಳ ನಡುವೆ, ಮಿಲಿಮೀಟರಿನ ಇನ್ನೂರನೇ ಒಂದು ಭಾಗದಷ್ಟು ತೆಳುವಾದ ಜಾಗದಲ್ಲಿ ದ್ರವಸ್ಫಟಿಕ ಎಂಬ ಒಂದು ವಸ್ತು ತುಂಬಿಕೊಂಡಿದೆ. ಅದು ಘನವಲ್ಲ, ಅನಿಲವಲ್ಲ, ತಾವು ವರ್ಣಿಸಿರುವ ಅರ್ಥದಲ್ಲಿ ದ್ರವವೂ ಅಲ್ಲ. ಪಾಠವನ್ನು ತೋರಿಸುತ್ತಿರುವ ವಸ್ತುವಿಗೇ ಆ ಪಾಠದಲ್ಲಿ ಜಾಗವಿಲ್ಲ. ಈ ವಿಪರ್ಯಾಸ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ, ಅದಕ್ಕೇ ಈ ಪತ್ರ.

ಮೂರನ್ನು ಅಳಿಸಿಬಿಡಿ ಎಂದು ನಾನು ಕೇಳುತ್ತಿಲ್ಲ. ಆರನೇ ತರಗತಿಯ ಮಗುವಿಗೆ ಕಲ್ಲು, ನೀರು, ಗಾಳಿ ಎಂದು ಬೇರೆಬೇರೆಯಾಗಿ ತೋರಿಸಲೇಬೇಕು. ಆದರೆ ಅದೇ ಮಗು ಹತ್ತನೇ ತರಗತಿ ದಾಟುವ ಹೊತ್ತಿಗೂ ಆ ಮೂರು ಖಾನೆಗಳ ಆಚೆ ಕಣ್ಣು ಹಾಯಿಸುವುದಿಲ್ಲವಲ್ಲ, ನನ್ನ ತಕರಾರು ಅದು. ಕೆಲವು ಪುಸ್ತಕಗಳು ಪಟ್ಟಿಯನ್ನು ಐದಕ್ಕೆ ಏರಿಸಿವೆ: ಪ್ಲಾಸ್ಮಾ ಸೇರಿದೆ, ಬೋಸ್-ಐನ್‌ಸ್ಟೈನ್ ಕಂಡೆನ್ಸೇಟ್ ಸೇರಿದೆ. ಸಂತೋಷವೇ. ಸತ್ಯೇಂದ್ರನಾಥ ಬೋಸರ ಹೆಸರು ಮಕ್ಕಳ ಕಿವಿಗೆ ಬೀಳಬೇಕು. ಆದರೆ 1995ರಲ್ಲಿ ಆ ಕಂಡೆನ್ಸೇಟನ್ನು ಮೊದಲ ಸಲ ಮಾಡಿ ತೋರಿಸಿದಾಗ ಅಲ್ಲಿದ್ದ ತಾಪ, ನಿರಪೇಕ್ಷ ಶೂನ್ಯಕ್ಕಿಂತ ಒಂದು ಡಿಗ್ರಿಯ ಕೋಟಿಯಲ್ಲೊಂದೆರಡು ಪಾಲು ಮಾತ್ರ ಮೇಲಿತ್ತು. ಯಾವ ಶಾಲೆಯ ಮಗುವೂ ಅದನ್ನು ಕಣ್ಣಾರೆ ನೋಡಲಾರದು. ದ್ರವಸ್ಫಟಿಕವಾದರೋ ಮಗುವಿನ ಕೈಯ ಕ್ಯಾಲ್ಕುಲೇಟರಿನಲ್ಲಿದೆ, ಬಚ್ಚಲಮನೆಯ ಸೋಪಿನ ಡಬ್ಬದ ತಳದ ಲೋಳೆಯಲ್ಲಿದೆ, ಆ ಮಗುವಿನ ಮೈಯ ಒಂದೊಂದು ಜೀವಕೋಶದ ಪೊರೆಯಲ್ಲಿದೆ. ಕಾಣದ್ದಕ್ಕೆ ಪುಟ ಸಿಕ್ಕಿತು, ಕಣ್ಣೆದುರಿನದಕ್ಕೆ ಸಿಗಲಿಲ್ಲ.

ಮಂಜುಗಡ್ಡೆ ಕರಗುವ ಭಾಗವನ್ನು ತಾವು ಚೆನ್ನಾಗಿಯೇ ಬರೆದಿದ್ದೀರಿ. ಶಾಖ ಕೊಡುತ್ತಲೇ ಇದ್ದರೂ ತಾಪಮಾಪಕ 0 ಡಿಗ್ರಿ ಬಿಟ್ಟು ಏಳುವುದಿಲ್ಲ. ಒಂದು ಗ್ರಾಂ ಮಂಜುಗಡ್ಡೆ ನೀರಾಗಲು 334 ಜೂಲ್ ಬೇಕು, ಅದಕ್ಕೆ ಗುಪ್ತೋಷ್ಣವೆಂದು ಹೆಸರು. ಆ ಶಾಖ ಎಲ್ಲಿ ಹೋಯಿತು ಎಂದು ಕೇಳುವ ಮಗುವಿಗೆ 'ಅಣುಗಳ ನಡುವಿನ ಆಕರ್ಷಣೆಯನ್ನು ಮೀರಲು' ಎಂಬ ಒಂದೇ ಸಾಲಿನ ಉತ್ತರ ಸಿಗುತ್ತದೆ. ಆ ಸಾಲು ತಪ್ಪಲ್ಲ. ಆದರೆ ಕರಗುವಾಗ ಕಳೆದುಹೋಗುವುದೇನು ಎಂಬುದನ್ನು ಅದು ಹೇಳುವುದಿಲ್ಲ.

ಕಳೆದುಹೋಗುವುದು ಶಿಸ್ತು. ಆ ಶಿಸ್ತಿನಲ್ಲಿ ಎರಡು ಬಗೆ. ಒಂದು, ಯಾವ ಅಣು ಎಲ್ಲಿ ನಿಂತಿದೆ ಎಂಬ ಸ್ಥಾನದ ಶಿಸ್ತು. ಇನ್ನೊಂದು, ಅದು ಯಾವ ಕಡೆಗೆ ಮುಖ ಮಾಡಿದೆ ಎಂಬ ದಿಕ್ಕಿನ ಶಿಸ್ತು. ಸ್ಫಟಿಕದಲ್ಲಿ ಎರಡೂ ಇರುತ್ತವೆ. ನೀರಿನಂಥ ಪುಟ್ಟ ಅಣುಗಳಲ್ಲಿ ಎರಡೂ ಒಂದೇ ಏಟಿಗೆ ಹೋಗುತ್ತವೆ, ಹಾಗಾಗಿ ನಮಗೆ ಒಂದೇ ಕರಗುವ ಬಿಂದು ಕಾಣುತ್ತದೆ. ಅಣು ಉದ್ದನೆಯ ಕಡ್ಡಿಯಾಗಿದ್ದರೆ ಹಾಗಾಗಬೇಕೆಂದೇನೂ ಇಲ್ಲ. ಶಾಖ ಏರಿದಂತೆ ಮೊದಲು ಸ್ಥಾನ ತಪ್ಪುತ್ತದೆ, ಅಣುಗಳು ಒಂದರ ಪಕ್ಕ ಒಂದು ಜಾರಿ ಹರಿಯತೊಡಗುತ್ತವೆ. ಆದರೂ ಎಲ್ಲವೂ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ತಿರುಗಿಕೊಂಡೇ ಇರುತ್ತವೆ. ಅಂಥ ದ್ರವ ಲೋಟದಿಂದ ಲೋಟಕ್ಕೆ ಸುರಿಯುತ್ತದೆ, ಬೆಳಕಿನ ವಿಷಯದಲ್ಲಿ ಮಾತ್ರ ಹರಳಿನಂತೆ ವರ್ತಿಸುತ್ತದೆ. ಇನ್ನಷ್ಟು ಕಾಯಿಸಿದರೆ ದಿಕ್ಕೂ ಕೆಟ್ಟು, ನಮ್ಮ ನಿಮ್ಮ ಮಾಮೂಲಿ ದ್ರವವಾಗುತ್ತದೆ. ಕರಗುವಿಕೆ ಅಲ್ಲಿ ಒಂದೇ ಘಟನೆಯಲ್ಲ, ಕಂತುಕಂತಾಗಿ ನಡೆಯುವ ಕೆಲಸ. ಹತ್ತನೇ ತರಗತಿಯ ಮಗುವಿಗೆ ಇದು ಅರ್ಥವಾಗುವುದಿಲ್ಲ ಎಂಬ ಮಾತನ್ನು ನಾನು ಒಪ್ಪಲಾರೆ. ಗುಪ್ತೋಷ್ಣ ಅರ್ಥವಾದವರಿಗೆ ಇದು ಒಂದು ಹೆಜ್ಜೆ ಮುಂದೆ, ಅಷ್ಟೇ.

ಇದನ್ನು ಮೊದಲು ಕಂಡದ್ದು ಭೌತವಿಜ್ಞಾನಿಯಲ್ಲ. 1888ರಲ್ಲಿ ಪ್ರಾಗ್ ನಗರದ ಸಸ್ಯವಿಜ್ಞಾನಿ ಫ್ರೀಡ್ರಿಖ್ ರೈನಿಟ್ಸರ್, ಕ್ಯಾರೆಟ್‌ನಿಂದ ತೆಗೆದ ಕೊಲೆಸ್ಟರಾಲಿನ ಗುಣ ತಿಳಿಯಲು ಅದರ ಒಂದು ಸಂಯುಕ್ತವನ್ನು ಕಾಯಿಸಿ ನೋಡುತ್ತಿದ್ದರು. ಕೊಲೆಸ್ಟರಿಲ್ ಬೆಂಜೊಯೇಟ್ ಎಂಬ ಆ ಪುಡಿ 145.5 ಡಿಗ್ರಿಯಲ್ಲಿ ಕರಗಿ ಮಬ್ಬಾದ ದ್ರವವಾಯಿತು. ಮಬ್ಬು ಹಾಗೆಯೇ ಉಳಿಯಿತು. 178.5 ಡಿಗ್ರಿ ಮುಟ್ಟಿದಾಗ ಥಟ್ಟನೆ ತಿಳಿಯಾಯಿತು. ಆರಿಸಿದರೆ ಅದೇ ದಾರಿಯಲ್ಲಿ ವಾಪಸು, ನಡುನಡುವೆ ನೀಲಿ, ನೇರಳೆ ಬಣ್ಣದ ಹೊಳಪು ಬೇರೆ. ಒಂದೇ ವಸ್ತುವಿಗೆ ಎರಡು ಕರಗುವ ಬಿಂದು! ರೈನಿಟ್ಸರ್ ತಾವು ಕಂಡದ್ದನ್ನು ಬಚ್ಚಿಡಲಿಲ್ಲ, ತಮಗೆ ತಿಳಿದಂತೆ ತಿದ್ದಿ ಹೇಳಲೂ ಇಲ್ಲ. ಆ ವರ್ಷದ ಮಾರ್ಚ್ 14ರಂದು ಜರ್ಮನಿಯ ಓಟೊ ಲೇಮನ್ ಅವರಿಗೆ ಒಂದು ದೀರ್ಘ ಪತ್ರ ಬರೆದು, ಮಾದರಿಯನ್ನೂ ಕಳಿಸಿದರು. ವಸ್ತುವನ್ನು ಕಾಯಿಸುತ್ತಲೇ ಧ್ರುವೀಕೃತ ಬೆಳಕಿನಲ್ಲಿ ನೋಡಬಲ್ಲ ಸೂಕ್ಷ್ಮದರ್ಶಕ ಲೇಮನ್ ಬಳಿ ಇತ್ತು. ಮರುವರ್ಷ ಅವರು 'ಹರಿಯುವ ಸ್ಫಟಿಕ'ಗಳ ಬಗ್ಗೆ ಪ್ರಬಂಧ ಪ್ರಕಟಿಸಿದರು.

ಆಮೇಲೆ ನಡೆದದ್ದನ್ನು ತಾವು ಗಮನವಿಟ್ಟು ಓದಬೇಕು. ಗುಸ್ಟಾವ್ ಟಾಮನ್‌ರಂಥ ಘಟಾನುಘಟಿ ರಸಾಯನವಿಜ್ಞಾನಿಗಳು ಇದನ್ನು ನಂಬಲಿಲ್ಲ. ಹರಿಯುವುದಾದರೆ ಅದು ದ್ರವ, ಸ್ಫಟಿಕವಾದರೆ ಘನ, ಎರಡೂ ಒಂದರಲ್ಲೇ ಹೇಗಿದ್ದೀತು? ಅದು ಶುದ್ಧ ವಸ್ತುವಲ್ಲ, ಒಂದರಲ್ಲೊಂದು ಬೆರೆಯದೆ ಮಬ್ಬಾಗಿರುವ ಎಮಲ್ಷನ್ ಎಂದು ಅವರು ಬಹಳ ಕಾಲ ವಾದಿಸಿದರು. ಅವರ ಅನುಮಾನದಲ್ಲಿ ಹುರುಳಿಲ್ಲದಿರಲಿಲ್ಲ. ನಮ್ಮ ಮನೆಯ ತುಪ್ಪವನ್ನೇ ನೋಡಿ, ಅದೂ ಒಂದೇ ಬಿಂದುವಿನಲ್ಲಿ ಕರಗುವುದಿಲ್ಲ. ಚಳಿಗಾಲದ ಬೆಳಿಗ್ಗೆ ಅರ್ಧ ಮರಳುಮರಳಾಗಿ, ಅರ್ಧ ತಿಳಿಯಾಗಿ ಕೂತಿರುತ್ತದೆ. ಅದಕ್ಕೆ ಕಾರಣ ತುಪ್ಪದಲ್ಲಿ ಹಲವು ಬಗೆಯ ಕೊಬ್ಬುಗಳು ಬೆರೆತಿರುವುದು, ಒಂದೊಂದಕ್ಕೂ ಒಂದೊಂದು ಕರಗುವ ಬಿಂದು. ಆದರೆ ಬೆರಕೆಯಾದದ್ದು ತಾಪದ ಒಂದು ಹರವಿನ ಉದ್ದಕ್ಕೂ ಮೆಲ್ಲಗೆ ಮೆತ್ತಗಾಗುತ್ತದೆ. ರೈನಿಟ್ಸರ್ ಕಂಡದ್ದು ಎರಡು ಖಚಿತ ಬಿಂದುಗಳು, ಎಷ್ಟು ಸಲ ಕಾಯಿಸಿ ಆರಿಸಿದರೂ ಅವೇ ಎರಡು. ಈ ವ್ಯತ್ಯಾಸವನ್ನು ಮಗುವಿನ ಮುಂದಿಟ್ಟರೆ ಶುದ್ಧ ವಸ್ತು ಮತ್ತು ಮಿಶ್ರಣದ ಪಾಠವೂ ಜೊತೆಗೇ ಮನದಟ್ಟಾಗುತ್ತದೆ. ಮೂರೇ ಖಾನೆಗಳೆಂಬ ನಂಬಿಕೆ ದೊಡ್ಡ ವಿಜ್ಞಾನಿಗಳ ಕಣ್ಣಿಗೇ ಪೊರೆ ಕಟ್ಟಿತ್ತು ಎನ್ನುವುದನ್ನೂ ಮಕ್ಕಳು ತಿಳಿಯಲಿ.

1922ರಲ್ಲಿ ಫ್ರಾನ್ಸಿನ ಜಾರ್ಜ್ ಫ್ರೀಡೆಲ್ ಇವುಗಳನ್ನು ಬಗೆಬಗೆಯಾಗಿ ವಿಂಗಡಿಸಿದರು. ದಿಕ್ಕು ಮಾತ್ರ ಉಳಿಸಿಕೊಂಡದ್ದು ನೆಮ್ಯಾಟಿಕ್. ದಿಕ್ಕಿನ ಜೊತೆ ಪದರಗಳನ್ನೂ ಉಳಿಸಿಕೊಂಡದ್ದು ಸ್ಮೆಕ್ಟಿಕ್. ದಿಕ್ಕು ಸುರುಳಿಯಾಗಿ ತಿರುಗುತ್ತಾ ಸಾಗಿದರೆ ಕೊಲೆಸ್ಟರಿಕ್. ಹಣೆಗೆ ಒತ್ತಿ ಜ್ವರ ನೋಡುವ ಬಣ್ಣದ ಪಟ್ಟಿಯಲ್ಲಿರುವುದು ಈ ಮೂರನೆಯದು: ತಾಪ ಬದಲಾದಂತೆ ಸುರುಳಿಯ ಅಂತರ ಬದಲಾಗುತ್ತದೆ, ಅದು ಹಿಂದಿರುಗಿಸುವ ಬೆಳಕಿನ ಬಣ್ಣವೂ ಬದಲಾಗುತ್ತದೆ.

ಎರಡು ಕಂತುಗಳ ತೂಕ ಎಷ್ಟು ಬೇರೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಪಾರಾ-ಅಜಾಕ್ಸಿಅನಿಸೋಲ್ ಎಂಬ ಹಳೆಯ ವಸ್ತುವಿದೆ, 1890ರಲ್ಲಿ ತಯಾರಾದದ್ದು. ಅದು ಸುಮಾರು 118 ಡಿಗ್ರಿಯಲ್ಲಿ ಕರಗಿ ನೆಮ್ಯಾಟಿಕ್ ಆಗುತ್ತದೆ, ಸುಮಾರು 135ರಲ್ಲಿ ತಿಳಿಯಾಗುತ್ತದೆ. ಮೊದಲ ಹಂತಕ್ಕೆ ಬೇಕಾದ ಗುಪ್ತೋಷ್ಣದ ಐವತ್ತರಲ್ಲಿ ಒಂದು ಪಾಲು ಎರಡನೆಯದಕ್ಕೆ ಸಾಕು. ಸ್ಥಾನ ಕೆಡಿಸುವುದು ದುಬಾರಿ, ದಿಕ್ಕು ಕೆಡಿಸುವುದು ಅಗ್ಗ. ಸ್ಥಿತಿ ಬದಲಾವಣೆಗಳೆಲ್ಲ ಒಂದೇ ತೂಕದವಲ್ಲ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಲೆಕ್ಕ ನನಗೆ ಗೊತ್ತಿಲ್ಲ. ಕ್ಯಾಲರಿಮೀಟರ್ ಲೆಕ್ಕಗಳ ಜೊತೆ ಇದನ್ನೂ ಕೊಡಬಹುದು.

ದ್ರವ-ಅನಿಲದ ಗಡಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ ಎಂದು ತಾವು ಬರೆಯುತ್ತೀರಿ. ಮಂಗಳೂರಿನ ಮಗು ಅಳೆದರೆ ಹಾಗೇ ಬರುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನ ಮಗು ಅಳೆದರೆ ಸುಮಾರು 97 ಬರುತ್ತದೆ, ಮತ್ತು ಮಗು ತನ್ನ ತಾಪಮಾಪಕವೇ ಕೆಟ್ಟಿದೆ ಎಂದುಕೊಳ್ಳುತ್ತದೆ. ಒತ್ತಡಕ್ಕೆ ತಕ್ಕಂತೆ ಗಡಿ ಸರಿಯುತ್ತದೆ ಎಂಬುದನ್ನು ಪುಸ್ತಕದಲ್ಲಿ ಎಲ್ಲೋ ಟಿಪ್ಪಣಿಯಾಗಿ ಹೇಳಿರುತ್ತದೆ. ಆದರೆ ಆ ಗಡಿ ಒಂದು ಕಡೆ ಮುಗಿದೇ ಹೋಗುತ್ತದೆ ಎಂಬುದನ್ನು ಹೇಳುವುದೇ ಇಲ್ಲ. 1869ರಲ್ಲಿ ಬೆಲ್‌ಫಾಸ್ಟ್‌ನ ಥಾಮಸ್ ಆಂಡ್ರ್ಯೂಸ್ ಇಂಗಾಲದ ಡೈಆಕ್ಸೈಡ್ ಮೇಲೆ ಮಾಡಿದ ಪ್ರಯೋಗಗಳಿಂದ ಇದನ್ನು ತೋರಿಸಿದರು. 31 ಡಿಗ್ರಿಗಿಂತ ಮೇಲೆ ಎಷ್ಟೇ ಒತ್ತಿದರೂ ಅದು ದ್ರವವಾಗಿ ಬೇರ್ಪಡುವುದಿಲ್ಲ. ನೀರಿಗೆ ಆ ಬಿಂದು 374 ಡಿಗ್ರಿ, ವಾತಾವರಣದ 218 ಪಟ್ಟು ಒತ್ತಡ. ಅದರಾಚೆ ಇದು ದ್ರವವೋ ಅನಿಲವೋ ಎಂಬ ಪ್ರಶ್ನೆಗೇ ಅರ್ಥವಿಲ್ಲ. ಕುದಿಸದೆಯೇ, ಒಂದೇ ಒಂದು ಗುಳ್ಳೆ ಏಳದೆಯೇ ನೀರನ್ನು ಆವಿ ಮಾಡಬಹುದು. ಇದು ಬರೀ ಪುಸ್ತಕದ ಕಲ್ಪನೆಯಲ್ಲ. ರಾಯಚೂರಿನ ಯರಮರಸ್ ಮತ್ತು ವಿಜಯಪುರ ಜಿಲ್ಲೆಯ ಕೂಡಗಿ ವಿದ್ಯುತ್ ಸ್ಥಾವರಗಳ 800 ಮೆಗಾವಾಟ್ ಘಟಕಗಳು ಇದೇ ತತ್ತ್ವದ ಬಾಯ್ಲರುಗಳಿಂದ ನಡೆಯುತ್ತವೆ. ಅವು ಪೂರ್ಣ ಹೊರೆಯಲ್ಲಿ ಓಡುವಾಗ ನೀರಿನ ಒತ್ತಡ ಆ ಮಿತಿಯನ್ನು ದಾಟಿರುತ್ತದೆ, ನೀರು ಕುದಿಯುವ ಘಟ್ಟವನ್ನೇ ಮುಟ್ಟದೆ ಆವಿಯಾಗುತ್ತದೆ. ಆ ಜಿಲ್ಲೆಗಳ ಮಕ್ಕಳ ಮನೆಯ ದೀಪ ಉರಿಸುವ ವಿದ್ಯೆ ಅವರ ಪುಸ್ತಕದಲ್ಲೂ ಇರಬೇಡವೇ?

ಇನ್ನು ನನಗೆ ಅತಿ ಹೆಚ್ಚು ನೋವು ಕೊಡುವ ವಿಷಯಕ್ಕೆ ಬರುತ್ತೇನೆ.

ಚಂದ್ರಶೇಖರ್ ಎಂದರೆ ನಕ್ಷತ್ರಗಳ ಚಂದ್ರಶೇಖರ್ ಎಂದು ಮಕ್ಕಳು ಕ್ವಿಜ್‌ನಲ್ಲಿ ಹೇಳುತ್ತಾರೆ, ಹೇಳಲಿ. ಅದೇ ರಾಮನ್ ಕುಟುಂಬದಲ್ಲಿ ಇನ್ನೊಬ್ಬ ಚಂದ್ರಶೇಖರ್ ಇದ್ದರು: ಸಿ.ವಿ. ರಾಮನ್ನರ ಸೋದರಿಯ ಮಗ ಶಿವರಾಮಕೃಷ್ಣ ಚಂದ್ರಶೇಖರ್. 1930ರಲ್ಲಿ ಹುಟ್ಟಿದ ಇವರು 1960ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗವನ್ನು ಕಟ್ಟಿದರು. ರಾಮನ್ ತೀರಿಕೊಂಡ ಮರುವರ್ಷ, 1971ರಲ್ಲಿ, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದು ದ್ರವಸ್ಫಟಿಕಗಳ ಪ್ರಯೋಗಾಲಯ ತೆರೆದರು. ಅಣುಗಳನ್ನು ತಯಾರಿಸುವ ರಸಾಯನವಿಜ್ಞಾನಿಗಳನ್ನೂ ಅಳೆಯುವ ಭೌತವಿಜ್ಞಾನಿಗಳನ್ನೂ ಒಂದೇ ಸೂರಿನಡಿ ಕೂರಿಸಿದರು. ನನ್ನ ಮಟ್ಟಿಗೆ ಅವರ ದೊಡ್ಡ ಜಾಣ್ಮೆ ಅದೇ.

ಆವರೆಗೆ ದ್ರವಸ್ಫಟಿಕ ಆಗಬೇಕಾದರೆ ಅಣು ಕಡ್ಡಿಯಾಕಾರದಲ್ಲಿರಬೇಕು ಎಂಬುದು ಬೇರೂರಿದ ತಿಳಿವಳಿಕೆ. ಜರ್ಮನಿಯ ಹಾಲೆಯಲ್ಲಿ ಡೇನಿಯಲ್ ಫೋರ್ಲೆಂಡರ್ ನೂರಾರು ವಸ್ತುಗಳನ್ನು ತಯಾರಿಸಿ ಅದನ್ನು ಗಟ್ಟಿಮಾಡಿದ್ದರು. 1977ರಲ್ಲಿ ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಬೇರೆಯದೇ ಅಣುವನ್ನು ಎತ್ತಿಕೊಂಡರು. ನಡುವೆ ಒಂದು ಬೆಂಜೀನ್ ಉಂಗುರ, ಅದರ ಆರೂ ಮೂಲೆಗಳಿಂದ ಹೊರಟ ಆರು ಉದ್ದನೆಯ ಸರಪಳಿಗಳು. ಒಟ್ಟಾರೆ ಚಪ್ಪಟೆಯಾದ ಬಿಲ್ಲೆ. ಅದನ್ನು ಕಾಯಿಸಿದಾಗ ಸ್ಫಟಿಕಕ್ಕೂ ತಿಳಿದ್ರವಕ್ಕೂ ನಡುವೆ ಹೊಸದೊಂದು ಸ್ಥಿತಿ ಸಿಕ್ಕಿತು. ಎಕ್ಸ್-ಕಿರಣಗಳಲ್ಲಿ ನೋಡಿದರೆ ಅಣುಗಳು ಒಂದರ ಮೇಲೊಂದು ಪೇರಿಸಿದ ನಾಣ್ಯಗಳಂತೆ ಕಂಬಗಳಾಗಿ ನಿಂತಿದ್ದವು. ಕಂಬಗಳು ಅಕ್ಕಪಕ್ಕದಲ್ಲಿ ಷಟ್ಕೋನದ ಕ್ರಮದಲ್ಲಿ ಶಿಸ್ತಾಗಿವೆ, ಆದರೆ ಒಂದೊಂದು ಕಂಬದ ಉದ್ದಕ್ಕೂ ಬಿಲ್ಲೆಗಳ ನಡುವಿನ ಅಂತರಕ್ಕೆ ನಿಯಮವಿಲ್ಲ. ಎರಡು ಆಯಾಮಗಳಲ್ಲಿ ಸ್ಫಟಿಕ, ಮೂರನೆಯದರಲ್ಲಿ ದ್ರವ! ಈ ಸಂಶೋಧನೆಯನ್ನು ಅವರು ಪ್ರಕಟಿಸಿದ್ದೂ ಹೊರದೇಶದ ಪತ್ರಿಕೆಯಲ್ಲಲ್ಲ, ಬೆಂಗಳೂರಿನಿಂದಲೇ ಹೊರಡುವ 'ಪ್ರಮಾಣ'ದಲ್ಲಿ.

ಇಂದು ಇಂಥ ಬಿಲ್ಲೆಯಾಕಾರದ ದ್ರವಸ್ಫಟಿಕಗಳು ಜಗತ್ತಿನಾದ್ಯಂತ ಸಾವಿರಾರು ತಯಾರಾಗಿವೆ. ಪರದೆಯನ್ನು ಪಕ್ಕದಿಂದ ನೋಡಿದರೂ ಚಿತ್ರ ಮಾಸದಂತೆ ಮಾಡುವ ತೆಳುಪೊರೆಗಳಲ್ಲಿ ಅವನ್ನು ಬಳಸಿದರು. ಕಂಬದ ಉದ್ದಕ್ಕೂ ವಿದ್ಯುತ್ ಹರಿಯಬಲ್ಲದು ಎಂಬ ಕಾರಣಕ್ಕೆ ಸೌರಕೋಶಗಳಿಗಾಗಿ ಅಧ್ಯಯನ ನಡೆಯುತ್ತಿದೆ. ಚಂದ್ರಶೇಖರ್ ಅಂತರರಾಷ್ಟ್ರೀಯ ದ್ರವಸ್ಫಟಿಕ ಸಂಘದ ಮೊದಲ ಅಧ್ಯಕ್ಷರಾದರು, 1994ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ರಾಯಲ್ ಪದಕ ಪಡೆದರು. ನಿವೃತ್ತಿಯ ಬಳಿಕವೂ ಸುಮ್ಮನೆ ಕೂರದೆ ಜಾಲಹಳ್ಳಿಯಲ್ಲಿ ಬಿಇಎಲ್ ಒದಗಿಸಿದ ಕಟ್ಟಡದಲ್ಲಿ ದ್ರವಸ್ಫಟಿಕ ಸಂಶೋಧನಾ ಕೇಂದ್ರವನ್ನು ಕಟ್ಟಿದರು. ಅದು ಇಂದು ನ್ಯಾನೊ ಮತ್ತು ಮೃದು ದ್ರವ್ಯಗಳ ವಿಜ್ಞಾನ ಕೇಂದ್ರವಾಗಿ ಬೆಳೆದಿದೆ. ದ್ರವ್ಯದ ಸ್ಥಿತಿಗಳ ಪಟ್ಟಿಗೇ ಹೊಸ ಸಾಲು ಸೇರಿಸಿದ ಕೆಲಸ ಮೇಖ್ರಿ ಸರ್ಕಲ್ಲಿನ ಆಸುಪಾಸಿನಲ್ಲಿ ನಡೆದಿದೆ. ಆ ರಸ್ತೆಯಲ್ಲಿ ಶಾಲಾ ಬಸ್ಸಿನಲ್ಲಿ ದಿನವೂ ಹಾದುಹೋಗುವ ಮಕ್ಕಳು ಮೂರೇ ಸ್ಥಿತಿ ಎಂದು ಬಾಯಿಪಾಠ ಮಾಡುತ್ತಿದ್ದಾರೆ.

ಪ್ರಯೋಗಕ್ಕೆ ಹಣವೆಲ್ಲಿದೆ ಎಂದು ತಾವು ಕೇಳಬಹುದು. ಬೇಕಾಗಿರುವುದು ಒಂದು ಹಳೆಯ ಕ್ಯಾಲ್ಕುಲೇಟರ್, ತಲೆಗೂದಲು ಒಣಗಿಸುವ ಒಂದು ಡ್ರೈಯರ್. ಕ್ಯಾಲ್ಕುಲೇಟರ್‌ನ ಪರದೆಯಲ್ಲಿ ದ್ರವಸ್ಫಟಿಕದ ಎರಡೂ ಬದಿಗೆ ಧ್ರುವೀಕರಿಸುವ ಹಾಳೆಗಳಿವೆ. ನಡುವಿನ ಅಣುಗಳು ಬೆಳಕಿನ ಕಂಪನದ ದಿಕ್ಕನ್ನು ತಿರುಗಿಸುವುದರಿಂದ ಬೆಳಕು ಹಾದುಬರುತ್ತದೆ. ಒಂದೆರಡು ವೋಲ್ಟ್ ಕೊಟ್ಟ ಕಡೆ ಅಣುಗಳು ಎದ್ದು ನಿಲ್ಲುತ್ತವೆ, ಬೆಳಕು ನಿಲ್ಲುತ್ತದೆ, ಅಂಕೆ ಕಪ್ಪಾಗಿ ಕಾಣುತ್ತದೆ. ಈಗ ಪರದೆಗೆ ಬಿಸಿಗಾಳಿ ಬಿಡಿ. ಒಂದು ಹಂತ ದಾಟುತ್ತಲೇ ಪರದೆಗೆ ಪರದೆಯೇ ಕಪ್ಪಾಗುತ್ತದೆ. ಅಣುಗಳ ದಿಕ್ಕಿನ ಶಿಸ್ತು ಕೆಟ್ಟು ಅದು ಬರಿಯ ದ್ರವವಾಯಿತು, ಬೆಳಕನ್ನು ತಿರುಗಿಸುವವರು ಯಾರೂ ಇಲ್ಲ. ಆರಲು ಬಿಡಿ, ಅಂಕೆಗಳು ಮತ್ತೆ ಮೂಡುತ್ತವೆ. ಮಕ್ಕಳ ಕಣ್ಣೆದುರೇ ಒಂದು ಸ್ಥಿತಿ ಬದಲಾವಣೆ ಹೋಗಿ ಬಂತು. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟ ಸಾಧನದ ಪರದೆ ಕಪ್ಪಾದದ್ದನ್ನು ಎಷ್ಟೋ ಮನೆಯವರು ಕಂಡಿರುತ್ತಾರೆ, ಕೆಟ್ಟುಹೋಯಿತೆಂದು ಗಾಬರಿಯಾಗಿರುತ್ತಾರೆ. ಆ ಗಾಬರಿಗೆ ಉತ್ತರ ಮಗುವಿನ ಪುಸ್ತಕದಲ್ಲಿ ಸಿಗುವಂತಾಗಲಿ. ಡ್ರೈಯರನ್ನು ಶಿಕ್ಷಕರೇ ಹಿಡಿಯಬೇಕು, ಪ್ಲಾಸ್ಟಿಕ್ ಕರಗುವಷ್ಟು ಹತ್ತಿರ ತರಬಾರದು ಎಂದು ಎಚ್ಚರಿಕೆ ಬರೆಯಿರಿ.

ಮುಂದೆ ಓದುವ ಆಸೆಯಿರುವ ಮಗುವಿಗೆ ಒಂದು ಪುಟ್ಟ ಚೌಕದಲ್ಲಿ ಇದನ್ನೂ ಹೇಳಬಹುದು. ತಿಳಿದ್ರವ ಆರಿ ನೆಮ್ಯಾಟಿಕ್ ಆಗುವಾಗ ಬೇರೆಬೇರೆ ಕಡೆ ಬೇರೆಬೇರೆ ದಿಕ್ಕು ಹುಟ್ಟಿ, ಅವು ಸಂಧಿಸುವಲ್ಲಿ ದಾರದಂಥ ದೋಷರೇಖೆಗಳು ಉಳಿಯುತ್ತವೆ. ಬಿಸಿಯಾಗಿದ್ದ ಆದಿ ವಿಶ್ವ ಆರುವಾಗಲೂ ಅಂಥ ರೇಖೆಗಳು ಮೂಡಿರಬಹುದು ಎಂದು ಟಾಮ್ ಕಿಬಲ್ 1976ರಲ್ಲಿ ಬರೆದಿದ್ದರು. ಆಕಾಶದಲ್ಲಿ ಅವು ಯಾರಿಗೂ ಕಂಡಿಲ್ಲ. ಆದರೆ ಅಂಥ ರೇಖೆಗಳು ಹುಟ್ಟಿ, ಬಳುಕಿ, ಒಂದನ್ನೊಂದು ತಿಂದು ಮಾಯವಾಗುವ ಬಗೆಯನ್ನು 1991ರಲ್ಲಿ ವಿಜ್ಞಾನಿಗಳು ದ್ರವಸ್ಫಟಿಕದಲ್ಲೇ ನೋಡಿ ಅಳೆದರು.

ಮಂಡಳಿಯ ಸಭೆಗಳಲ್ಲಿ ಏಳುವ ಆಕ್ಷೇಪವನ್ನು ನಾನು ಬಲ್ಲೆ: ಪಠ್ಯ ಈಗಾಗಲೇ ಭಾರ, ಪರೀಕ್ಷೆಯಲ್ಲಿ ಇದಕ್ಕೆ ಯಾವ ಅಂಕ? ಹಾಗಿದ್ದರೆ ಪ್ರಶ್ನೆಯನ್ನೇ ಬದಲಿಸೋಣ. 'ದ್ರವ್ಯದ ಸ್ಥಿತಿಗಳನ್ನು ಹೆಸರಿಸಿ' ಎಂಬುದರ ಬದಲು 'ಒಂದು ಶುದ್ಧ ವಸ್ತು 118 ಡಿಗ್ರಿಯಲ್ಲಿ ಕರಗಿ ಮಬ್ಬಾಗಿ, 135ರಲ್ಲಿ ತಿಳಿಯಾಯಿತು. ನಡುವೆ ಏನು ಉಳಿದಿತ್ತು, ಏನು ಹೋಗಿತ್ತು?' ಎಂದು ಕೇಳಿ. ಎರಡು ಅಂಕ ಕೊಡಿ. ಯೋಚಿಸಿ ಬರೆಯುವ ಮಕ್ಕಳು ನಮ್ಮ ಹಳ್ಳಿಯ ಶಾಲೆಗಳಲ್ಲೂ ಇದ್ದಾರೆ, ಅವರಿಗೆ ನಾನು ಪಾಠ ಮಾಡಿದ್ದೇನೆ.

ಮುಂದಿನ ಪರಿಷ್ಕರಣೆಯಲ್ಲಿ ಒಂದೇ ಒಂದು ಪುಟ ಕೊಡಿ ಎಂದು ಕೇಳಿಕೊಳ್ಳುತ್ತೇನೆ. ರೈನಿಟ್ಸರ್ ಕಂಡ ಎರಡು ಬಿಂದುಗಳಿಗೆ ಒಂದು ಗ್ರಾಫ್, ಕಡ್ಡಿ ಮತ್ತು ಬಿಲ್ಲೆ ಅಣುಗಳ ಎರಡು ಚಿತ್ರ, 1977ರ ಮೂವರು ಸಂಶೋಧಕರ ಹೆಸರು, ಕ್ಯಾಲ್ಕುಲೇಟರಿನ ಪ್ರಯೋಗ. ಜಾಗ ಸಾಲದಿದ್ದರೆ ಫ್ರೀಡೆಲ್ಲರ ವಿಂಗಡಣೆಯನ್ನು ಬಿಡಿ, ಪ್ರಯೋಗವನ್ನು ಮಾತ್ರ ಬಿಡಬೇಡಿ. ಕರಡನ್ನು ನಾನು ಬರೆದಿಟ್ಟಿದ್ದೇನೆ. ತಾವು ತಿದ್ದುವುದಾದರೆ ಈ ವಾರವೇ ಅಂಚೆಗೆ ಹಾಕುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕಿ